ಸಾದಾ ಸಾಕು

ಸದ್ದನ್ನು ಮೊದಲು ಕೇಳಿಸಿಕೊಂಡವಳು ಚಿಕ್ಕಮಾದಮ್ಮ. ಅರವತ್ತು ದಾಟಿದ ಕಿವಿ. ಪಕ್ಕದ ಮನೆಯ ಜಗಳ ಬಿಟ್ಟರೆ ಬೇರೇನೂ ಸರಿಯಾಗಿ ಕೇಳಿಸುವುದಿಲ್ಲ ಎಂದು ಹೆಡತಲೆ ಊರಿನ ಕೇರಿಯಲ್ಲಿ ಹೆಸರು ಮಾಡಿದ ಕಿವಿ. ಅದಕ್ಕೇ ಕೇಳಿಸಿತೆಂದರೆ ಸದ್ದು ಸಣ್ಣದಲ್ಲ.

ತಲಕಾಡಿನಲ್ಲಿ ಸ್ತ್ರೀಶಕ್ತಿ ಸಂಘಗಳ ತರಬೇತಿ ಮುಗಿಸಿ, ರೋಜಾ ಸೇರಿ ಐದು ಜನ ಹೆಂಗಸರು ಸಂಘದ ಕಾರಿನಲ್ಲಿ ವಾಪಸು ಬರುತ್ತಿದ್ದರು. ಮುಡುಕುತೊರೆ ಹತ್ತಿರ ಬಂದಾಗ, ಬೆಟ್ಟದ ಮೇಲಿಂದ ಹೊಳೆ ನೋಡಿಕೊಂಡೇ ಹೋಗೋಣ ಎಂದಳು ಒಬ್ಬಳು. ಕೈ ಮುಗಿಯುವವರು ಮುಗಿಯಲಿ, ನೋಡುವವರು ನೋಡಲಿ ಎಂದು ರೋಜಾ ಸ್ಟೀರಿಂಗ್ ತಿರುಗಿಸಿದಳು. ಏರು ಶುರುವಾಗಿ ಅರ್ಧ ಫರ್ಲಾಂಗೂ ಆಗಿರಲಿಲ್ಲ. ಬಾನೆಟ್ಟಿನ ಒಳಗಿಂದ, ತಗಡಿನ ಡಬ್ಬಿಗೆ ಹುಣಸೆಬೀಜ ಹಾಕಿ ಅಲುಗಾಡಿಸಿದ ಹಾಗೆ ಟಿಣಿಟಿಣಿಟಿಣಿ.

"ಏನಮ್ಮಿ ಅದು ರೋಜಾ, ಒಳಗೆ ಯಾರೋ ಚೌಕಾಬಾರ ಆಡ್ತಾ ಅವ್ರಲ್ಲ" ಎಂದಳು ಚಿಕ್ಕಮಾದಮ್ಮ.

ಹಿಂದಿನ ಸೀಟಿನವರು ನಕ್ಕರು. ರೋಜಾ ನಗಲಿಲ್ಲ. ಗೇರು ಇಳಿಸಿದಳು. ಸದ್ದು ಇಳಿಯಲಿಲ್ಲ. ಮೇಲೆ ಹತ್ತಿ ನಿಲ್ಲಿಸಿದಾಗ ಮಾತ್ರ ಇಂಜಿನ್ನು, ಹಾಲು ಕುಡಿದು ಬಾಯಿ ಒರೆಸಿಕೊಂಡ ಬೆಕ್ಕಿನ ಹಾಗೆ ಮೆಲ್ಲಗೆ ಗುರುಗುಡುತ್ತಿತ್ತು. ಅವತ್ತು ಎಲ್ಲರೂ ಕಾವೇರಿ ನೋಡಿದರು. ರೋಜಾ ಕಾರನ್ನೇ ನೋಡುತ್ತ ನಿಂತಳು, ಕರೆಯದೆ ಬಂದ ನೆಂಟನನ್ನು ನೋಡುವ ಹಾಗೆ.

ಕಾರು ಕೇರಿಯ ಹನ್ನೊಂದು ಹೆಂಗಸರದ್ದು. ಅದನ್ನು ಕೊಂಡದ್ದಕ್ಕೆ ಕಾರಣ ಇತ್ತು. ಊರಿನ ಆಟೋಗಳು ಕೇರಿಯ ತನಕ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಹಾಗೆ ಹೇಳಿದರೆ ಕೇಸಾಗುತ್ತದೆ. 'ಬತ್ತೀನಿ ಇರು' ಎನ್ನುತ್ತಿದ್ದರು. 'ಟೈರು ಪಂಕ್ಚರ್ರು' ಎನ್ನುತ್ತಿದ್ದರು. 'ಬೇರೆ ಬಾಡಿಗೆ ಒಪ್ಕೊಂಡಿವ್ನಿ' ಎನ್ನುತ್ತಿದ್ದರು. ಒಂದು ಬೆಳಿಗ್ಗೆ ನೋವು ತಿನ್ನುತ್ತಿದ್ದ ಬಸುರಿಯನ್ನು ನಾಲ್ಕು ಜನ ಕೈಹಿಡಿದು ಬಸ್ ಸ್ಟ್ಯಾಂಡಿನ ತನಕ ನಡೆಸಿಕೊಂಡು ಹೋದ ಮೇಲೆ, ಸಂಘದವರು ಆ ವಾರವೇ ಕೂತು ತೀರ್ಮಾನ ಮಾಡಿದರು: ಇನ್ನು ಯಾರ ಆಟೋ ಬಾಗಿಲೂ ತಟ್ಟುವುದಿಲ್ಲ. ಓಡಿಸುವವರು ಯಾರು ಎಂದಾಗ ರೋಜಾ ಕೈ ಎತ್ತಿದಳು. ಸರ್ಕಾರದ ತರಬೇತಿಯಲ್ಲಿ ಡ್ರೈವಿಂಗ್ ಕಲಿತು, ಲೈಸೆನ್ಸನ್ನು ಪೆಟ್ಟಿಗೆಯಲ್ಲಿಟ್ಟು ನಾಲ್ಕು ವರ್ಷ ಗಾರ್ಮೆಂಟ್ಸಿಗೆ ಹೋಗಿ ಬರುತ್ತಿದ್ದವಳು ಅವಳು. ಮೊದಲ ದಿನ ಊರ ಅರಳಿಕಟ್ಟೆಯ ಮುಂದೆ ಅವಳು ಗೇರು ಬದಲಾಯಿಸಿದಾಗ, ಕಟ್ಟೆ ಮೇಲೆ ಕೂತಿದ್ದವರ ಮಾತು ನಿಂತುಹೋಗಿತ್ತು. ಆ ನಿಂತ ಮಾತು ರೋಜಾಗೆ ಇವತ್ತಿಗೂ ಕಿವಿತುಂಬ ಕೇಳಿಸುತ್ತದೆ.

ಮಾರಿದವರು ನಂಜನಗೂಡಿನ ಮುರಳೀಧರ ಮೇಷ್ಟ್ರು. ಮಠದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿ ರಿಟೈರಾದವರು. ಸಣ್ಣ ಟರ್ಬೊ ಇಂಜಿನ್ನಿನ ಕಾರು, ಒಬ್ಬರೇ ಓಡಿಸಿದ್ದು, ಒಂದು ಗೀರಿಲ್ಲ. ಕೀಲಿ ಕೊಡುವಾಗ ಚಿಕ್ಕಮಾದಮ್ಮ, ಹಸು ಕೊಳ್ಳುವಾಗ ಮೇವು ವಿಚಾರಿಸುವ ಹಾಗೆ, "ಇದುಕ್ಕೆ ಯಾವ ಎಣ್ಣೆ ಸಾಮಿ?" ಎಂದು ಕೇಳಿದ್ದಳು. ಬಂಕಿನಲ್ಲಿ ಎರಡು ತರ ಇರುವುದು ಅವಳಿಗೂ ಗೊತ್ತಿತ್ತು. ತೊಂಬತ್ತೊಂದು ನಂಬರಿನ ಸಾದಾ ಒಂದು, ತೊಂಬತ್ತೈದು ನಂಬರಿನ ದುಬಾರಿ ಇನ್ನೊಂದು. ಈಗಿನ ಹಾಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಬೆರೆಸಿದ ಮಾತು ಆಗಿನ್ನೂ ಬಂಕುಗಳಿಗೆ ಬಂದಿರಲಿಲ್ಲ.

"ಸಾದಾ ಸಾಕಮ್ಮ. ನಿಮಗೆ ಸಾದಾ ಸಾಕು" ಎಂದಿದ್ದರು ಮೇಷ್ಟ್ರು.

ಸಂಘದ ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದೂ ಇಟ್ಟರು: ಕಾರಿಗೆ ಸಾದಾ ಪೆಟ್ರೋಲ್ ಹಾಕಿಸತಕ್ಕದ್ದು.

ಕಾರು ಕೇರಿಗೆ ಬಂದ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡಲಿಲ್ಲ. ಬುದ್ಧನ ತ್ರಿಸರಣ ಹೇಳಿದರು, ಸಿಹಿ ಹಂಚಿದರು, ಹಿಂದಿನ ಗಾಜಿಗೆ ನೀಲಿ ಧಮ್ಮಚಕ್ರದ ಸ್ಟಿಕ್ಕರ್ ಅಂಟಿಸಿದರು. ಎಂಟು ದಿನ ಆಗಿತ್ತೋ ಇಲ್ಲವೋ, ನಂಜನಗೂಡಿನ ಮಾರ್ಕೆಟ್ ಹತ್ತಿರ ನಿಲ್ಲಿಸಿ ತರಕಾರಿ ತರುವಷ್ಟರಲ್ಲಿ ಯಾರೋ ಕೀಲಿಯಲ್ಲೋ ಕಾಸಿನಲ್ಲೋ ಚಕ್ರವನ್ನು ಕೆರೆದು ಹಾಕಿದ್ದರು. ಗಾಜಿನ ತುಂಬ ಬೆಕ್ಕಿನ ಉಗುರಿನ ಗೀರು. "ಇವತ್ತು ಸ್ಟಿಕ್ಕರು, ನಾಳೆ ಗಾಜು ಒಡುದ್ರೆ? ಒರಗೆ ಬ್ಯಾಡ ಕಣಮ್ಮಿ" ಎಂದಳು ಚಿಕ್ಕಮಾದಮ್ಮ. ಅವಳು ಸಂಘದ ಅಧ್ಯಕ್ಷೆ. ಅವಳ ಮಾತಿಗೆ ರೋಜಾ ಎದುರಾಡಲಿಲ್ಲ. ಆದರೆ ಅಂಗೈಯಗಲದ ಇನ್ನೊಂದು ಚಕ್ರವನ್ನು ತಂದು, ಪೆಟ್ರೋಲ್ ಹಾಕುವ ಕಡೆಯ ಮುಚ್ಚಳ ತೆಗೆದು, ಅದರ ಒಳಮೈಗೆ ಅಂಟಿಸಿದಳು. ಮೇಷ್ಟ್ರ ಮನೆಯ ವರ್ಷವರ್ಷದ ಆಯುಧಪೂಜೆಯ ಕುಂಕುಮ, ಗಂಧ ಅಲ್ಲಿ ಹೆಕ್ಕಳಿಕೆ ಕಟ್ಟಿತ್ತು. ಒರೆಸಿದಳು, ಹೋಗಲಿಲ್ಲ. ಅದರ ಮೇಲೇ ಚಕ್ರ ಒತ್ತಿದಳು. ಹೊರಗೆ ಬೇಡವೆಂದರೆ ಒಳಗಿರಲಿ. ಇನ್ನು ಮೇಲೆ ಅದು ಕಾಣುವುದು ಬಂಕಿನವನೊಬ್ಬನಿಗೆ.

ಈಗ ಈ ಸದ್ದು.

ತರಬೇತಿಯಿಂದ ಬಂದ ಮಾರನೆಯ ದಿನವೇ ಚಿಕ್ಕಮಾದಮ್ಮನ ತಂಗಿಯ ಮಗ ಪ್ರೇಮ್‌ಕುಮಾರ್ ಕಾರಿನ ಸುತ್ತ ಎರಡು ಸುತ್ತು ಹಾಕಿದ. ಮೈಸೂರಿನಲ್ಲಿ ಯಾರದೋ ಟ್ರಾವೆಲ್ಸಿನಲ್ಲಿ ಆರು ವರ್ಷ ಓಡಿಸಿ, ಅದು ಮುಚ್ಚಿದ ಮೇಲೆ ಊರಿಗೆ ಬಂದು ಕೂತಿದ್ದವನು.

"ರೋಜಕ್ಕ, ಬೇಜಾರು ಮಾಡ್ಕೋಬ್ಯಾಡ. ಏರ್ನಲ್ಲಿ ಮೂರನೇ ಗೇರ್ಗೆ ಆಕಿ ಎಳುದ್ರೆ ಇಂಜಿನ್ನು ಇಂಗೇ ಅಲ್ಲು ಕಡಿಯೋದು."

"ನಾನು ಎರಡನೇದ್ರಲ್ಲಿದ್ದೆ."

"ಎಲ್ರೂ ಅಂಗೇ ಅಂದ್ಕೊಂಡಿರ್ತಾರೆ." ಅವನು ದೊಡ್ಡಮ್ಮನ ಕಡೆ ತಿರುಗಿದ. "ದೊಡ್ಡವ್ವ, ಇನ್ನಾರು ತಿಂಗ್ಳು ಇಂಗೇ ಓಡುದ್ರೆ ಇಂಜಿನ್ ಬಿಚ್ಚಬೇಕಾಯ್ತದೆ. ಕಾರು ಅನ್ನೋದು ರಾಗಿ ಬೀಸೋ ಕಲ್ಲಲ್ಲ, ಯಾರು ಬೇಕಾದ್ರೂ ತಿರುಗ್ಸಾಕ್ಕೆ."

"ರಾಗಿಕಲ್ಲನ್ನಾದ್ರೂ ತಿರುಗ್ಸಿದ್ಯೇನಪ್ಪ ನೀನು?" ಎಂದಳು ರೋಜಾ.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಕೇರಿಯಲ್ಲಿ ಮಾತಿಗೆ ಕಾಲು ಹೆಚ್ಚು. ಎರಡು ದಿನದಲ್ಲಿ ಸಂಘದ ಹನ್ನೊಂದರಲ್ಲಿ ಆರು ಜನ, ಕೀಲಿ ಪ್ರೇಮ್‌ಕುಮಾರನ ಕೈಗೆ ಹೋದರೇ ಒಳ್ಳೆಯದೇನೋ ಎನ್ನತೊಡಗಿದರು. ಚಿಕ್ಕಮಾದಮ್ಮ ಭಾನುವಾರಕ್ಕೆ ಮೀಟಿಂಗು ಕರೆದಳು. "ಸದ್ದು ಯಾತುರ್ದು ಅಂತ ಅಷ್ಟರೊಳಗೆ ತೋರ್ಸು. ಇಲ್ದಿದ್ರೆ ಕೀಲಿ ಅವನ್ಗೆ. ನಂಗೇನೂ ಇಷ್ಟ ಇಲ್ಲ ಕಣಮ್ಮಿ, ಆದ್ರೆ ಕಾರು ಒಬ್ರುದ್ದಲ್ಲ" ಎಂದಳು. ಅವಳು ಹೇಳಿದ್ದು ನ್ಯಾಯವೇ. ಅದಕ್ಕೇ ರೋಜಾ ಆ ರಾತ್ರಿ ಅರ್ಧ ಮುದ್ದೆಗೇ ಕೈ ತೊಳೆದಳು.

ಐದು ದಿನ. ಅನುಮಾನಕ್ಕೆ ಮೂರು ಬಾಗಿಲು: ತನ್ನ ಕೈ, ಬಂಕಿನವನ ಪೆಟ್ರೋಲು, ಮೇಷ್ಟ್ರ ಕಾರು.

ಮೊದಲು ತನ್ನನ್ನೇ ಹಿಡಿದಳು. ಬುಧವಾರ ಬೆಳಕು ಹರಿಯುವಾಗ ಒಬ್ಬಳೇ ಹೊರಟು, ಕಿಟಕಿ ಇಳಿಸಿ, ನಾಲೆಯ ಏರಿ ಹತ್ತುವ ದಾರಿಯಲ್ಲಿ ಹೋಗಿ ಬಂದು ಹೋಗಿ ಬಂದು ಪರೀಕ್ಷೆ ಮಾಡಿದಳು. ಮೂರನೇ ಗೇರು: ಟಿಣಿಟಿಣಿ. ಎರಡನೇ ಗೇರು: ಕೊಂಚ ಕಮ್ಮಿ, ಆದರೂ ಟಿಣಿಟಿಣಿ. ಮೊದಲನೇ ಗೇರಿನಲ್ಲಿ ಇಂಜಿನ್ನು ಅರಚುವ ಹಾಗೆ ಮಾಡಿದರೆ ಮಾತ್ರ ಇಲ್ಲ. ಮೊದಲನೇ ಗೇರಿನಲ್ಲಿ ಮೈಸೂರಿನ ಆಸ್ಪತ್ರೆ ತಲುಪುವ ಹೊತ್ತಿಗೆ ಮಗು ಹುಟ್ಟಿ ನಡೆದಾಡುತ್ತಿರುತ್ತದೆ. ಹೊಲಕ್ಕೆ ಹೋಗುತ್ತಿದ್ದವನೊಬ್ಬ ನಿಂತು ನೋಡಿ, "ಏನಮ್ಮ, ದಾರಿ ಮರ್ತೋಯ್ತಾ?" ಎಂದ. ತನ್ನ ಕೈ ಮೇಲಿನ ಅನುಮಾನ ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ. ಹೆಣ್ಣಿಗೆ ತನ್ನ ಮೇಲಿನ ಅನುಮಾನವನ್ನು ಊರು ಹಾಲಿನ ಜೊತೆಗೇ ಕುಡಿಸಿರುತ್ತದೆ.

ಮಧ್ಯಾಹ್ನ ನರಸೀಪುರ ರಸ್ತೆಯ ಬಂಕಿಗೆ ಹೋದಳು. ಅಲ್ಲಿ ಪೆಟ್ರೋಲ್ ಹಾಕುವವನು ಗಂಗಾಧರಸ್ವಾಮಿ. ಹಣೆತುಂಬ ವಿಭೂತಿ, ಬಿಳಿ ತಿರುಗಿದ ಮೀಸೆ, ಒಂದೂವರೆ ವರ್ಷದಿಂದ ನೋಡುತ್ತಿದ್ದರೂ ಎರಡು ಮಾತು ಹೆಚ್ಚಿಗೆ ಆಡದವನು.

"ಫಿಲ್ಟರ್ ಪೇಪರ್ ಕೊಡಿ. ಟೆಸ್ಟ್ ಮಾಡ್ಬೇಕು."

"ಯಾರ ಮೇಲಕ್ಕ ಡೌಟು?"

"ಎಲ್ಲರ ಮೇಲೂ."

ಕೇಳಿದವರಿಗೆ ಕೊಡಬೇಕೆಂದು ಬೋರ್ಡಿನಲ್ಲೇ ಬರೆದಿತ್ತು. ಅವನು ಗೊಣಗುತ್ತ ಒಳಗೆ ಹೋಗಿ ಬಿಳಿ ಕಾಗದ ತಂದ. ನಳಿಗೆಯ ಮೂತಿ ಒರೆಸಿ ಒಂದು ಹನಿ ಬಿಟ್ಟ. ಇಬ್ಬರೂ ಕಾಗದವನ್ನೇ ನೋಡುತ್ತ ನಿಂತರು. ಹನಿ ಅಗಲವಾಯಿತು, ತೆಳುವಾಯಿತು, ಎರಡು ನಿಮಿಷದಲ್ಲಿ ಆರಿಹೋಯಿತು. ಕಲೆ ಉಳಿಯಲಿಲ್ಲ. ಬೆರಕೆ ಇಲ್ಲ. ರೋಜಾಗೆ ಬೇಸರವೇ ಆಯಿತು. ಕಳ್ಳ ಇಲ್ಲೇ ಸಿಕ್ಕಿದ್ದರೆ ಕೆಲಸ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಪಕ್ಕದಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಗಂಗಾಧರಸ್ವಾಮಿ ಬಗ್ಗಿ, "ಸಾದಾನೋ ತೊಂಬತ್ತೈದೋ ಸಾ?" ಎಂದು ಕೇಳಿದ. ರೋಜಾ ಆ ಕಾರು ಹೋಗುವ ತನಕ ಕಾದಳು.

"ನನ್ನ ಯಾವತ್ತೂ ಆ ಪ್ರಶ್ನೆ ಕೇಳಿಲ್ಲವಲ್ಲ ನೀವು."

"ನೀವು ಸಾದಾ ತಾನೇ ಆಕ್ಸೋದು."

"ಕೇಳದೆ ಹೆಂಗೆ ಗೊತ್ತಾಯ್ತು? ಈ ಚಕ್ರ ಅಂಟಿಸ್ಕೊಂಡು ನಿಮ್ಮ ಬಂಕಿಗೆ ಬಂದ ಮೊದಲನೇ ದಿನಾನೂ ಕೇಳಲಿಲ್ಲ. ಮುಚ್ಚಳ ತೆಗೆದ್ರಿ, ನೋಡಿದ್ರಿ, ಸಾದಾ ನಳಿಗೆ ತಗೊಂಡ್ರಿ."

ಗಂಗಾಧರಸ್ವಾಮಿ ತೆರೆದಿದ್ದ ಮುಚ್ಚಳದ ಒಳಗಿನ ನೀಲಿ ಚಕ್ರವನ್ನೊಮ್ಮೆ ನೋಡಿ, ಕೈಯ ಬಟ್ಟೆಯಿಂದ ಮೀಟರಿನ ಗಾಜು ಒರೆಸಲು ಹೋದ. ಗಾಜು ಚೊಕ್ಕಟವಾಗಿಯೇ ಇತ್ತು.

ಗುರುವಾರ ನಂಜನಗೂಡಿನಲ್ಲಿ ಮೆಕ್ಯಾನಿಕ್ ಮದನ್‌ ಬಾನೆಟ್ ಎತ್ತಿದ. ಸ್ಪಾರ್ಕ್ ಪ್ಲಗ್ ಬಿಚ್ಚಿ ಮೂಸಿ ನೋಡಿದ. ಇಂಜಿನ್ ಕೂತಿರುವ ರಬ್ಬರು ಅಲ್ಲಾಡಿಸಿದ. ಎಲ್ಲ ಸರಿಯಾಗಿತ್ತು.

"ಯಾವ ಪೆಟ್ರೋಲ್ ಹಾಕಿಸ್ತಿದ್ದೀಯಕ್ಕ?"

"ಸಾದಾ."

"ಯಾರು ಹೇಳಿದ್ದು?"

"ಮಾರಿದ ಮೇಷ್ಟ್ರು."

ಮದನ್ ತಲೆ ಕೆರೆದುಕೊಂಡ. "ಇಂಥ ಟರ್ಬೊ ಇಂಜಿನ್ನಿನಲ್ಲಿ ಒತ್ತಡ ಜಾಸ್ತಿ. ಕಿಡಿ ಬಂದ ಮೇಲೆ ಪೆಟ್ರೋಲ್ ಹೊತ್ತಿಕೋಬೇಕು ತಾನೆ? ಒತ್ತಡ ತಡೀಲಾರದೆ ಅದು ಕಿಡಿಯ ಬೆಂಕಿ ತಲುಪೋ ಮುಂಚೇನೇ ಅಲ್ಲಲ್ಲಿ ತಾನಾಗೇ ಹೊತ್ಕೊಳ್ತದೆ. ಅದೇ ಈ ಸದ್ದು. ಸಪಾಟು ದಾರೀಲಿ ಇಷ್ಟು ದಿನ ಸಣ್ಣಗೆ ಇದ್ದಿರ್ತದೆ, ಏರಿನಲ್ಲಿ ಭಾರ ಬಿದ್ದಾಗ ಕಿವಿಗೆ ಬಿದ್ದಿದೆ. ನಂಬರು ಅಂದ್ರೆ ಶಕ್ತಿ ಅಂದ್ಕೊಂಡವ್ರೆ ಜನ. ಶಕ್ತಿ ಅಲ್ಲ. ಎಷ್ಟು ಒತ್ತಿದ್ರೆ ಎಷ್ಟೊತ್ತು ತಡ್ಕೊಳ್ತದೆ ಅನ್ನೋದು. ತಾಳ್ಮೆ ನಂಬರು ಅದು."

"ಹಂಗಾದ್ರೆ ನಮ್ಮ ಕೇರಿಯೋರ್ನ ಅಳೆದ್ರೆ ಸಾವಿರ ದಾಟ್ಬೋದು ಬಿಡು" ಎಂದಳು ರೋಜಾ.

ಮದನ್ ನಕ್ಕ. "ಆದ್ರೆ ಎಲ್ಲ ಕಾರಿಗೂ ಬೇಕಿಲ್ಲಕ್ಕ. ಬೇಡದ ಕಾರಿಗೆ ತೊಂಬತ್ತೈದು ಹಾಕಿದ್ರೆ ಕೆಡೋದೂ ಇಲ್ಲ, ಉದ್ಧಾರ ಆಗೋದೂ ಇಲ್ಲ, ದಂಡ ಅಷ್ಟೇ. ನಿನ್ನ ಕಾರಿಗೆ ಯಾವುದು ಅಂತ ಕಂಪ್ನಿ ಪುಸ್ತಕದಲ್ಲಿ ಬರೆದಿರ್ತದೆ. ಪುಸ್ತಕ ಎಲ್ಲಿ?"

ಪುಸ್ತಕವನ್ನು ಹುಡುಕಿ ಕೊಡುತ್ತೇನೆ ಎಂದಿದ್ದರು ಮೇಷ್ಟ್ರು. ಒಂದೂವರೆ ವರ್ಷವಾಗಿತ್ತು.

ತೊಂಬತ್ತೈದು ಹಾಕಿಸಿಯೇ ನೋಡಬಹುದಿತ್ತು. ರೋಜಾ ಹಾಕಿಸಲಿಲ್ಲ. ನಡಾವಳಿ ಪುಸ್ತಕದಲ್ಲಿ ಸಾದಾ ಎಂದು ಬರೆದಿತ್ತು. ಬರೆದದ್ದನ್ನು ತಿದ್ದಬೇಕಾದರೆ ಬರೆದದ್ದೇ ಬೇಕು. ನಿವೇಶನ ಕೊಡುತ್ತೇವೆ ಎಂಬ ಬಾಯಿಮಾತು, ಬೋರು ಹಾಕಿಸುತ್ತೇವೆ ಎಂಬ ಬಾಯಿಮಾತು, ಎಲ್ಲ ಬಾಯಿಮಾತುಗಳನ್ನೂ ನಂಬಿ ಹಣ್ಣಾದ ಕೇರಿ ಅದು. ಕಾಗದ ತೋರಿಸದೆ ಅಲ್ಲಿ ಚಂದ್ರ ಹುಟ್ಟಿದನೆಂದರೂ ಯಾರೂ ಹೊರಗೆ ಬರುವುದಿಲ್ಲ.

ಶುಕ್ರವಾರ ಮೇಷ್ಟ್ರ ಮನೆಯ ಗೇಟು ತೆಗೆದಳು. ದೇವಸ್ಥಾನದ ಬೀದಿಯ ಹಿಂದಿನ ಮನೆ. ಅಂಗಳದಲ್ಲಿ ಹೊಸ ಕಾರು, ಅದರ ಮೂತಿಗೆ ಹೊಸ ಕುಂಕುಮ.

"ಓ, ರೋಜಾ ಅವರು. ಬನ್ನಿ ಬನ್ನಿ, ಒಳಗೆ ಬನ್ನಿ" ಎಂದರು ಮೇಷ್ಟ್ರು. ಒಳಗೆ ಬನ್ನಿ ಎಂದ ಬಾಯಿ ಮುಚ್ಚುವ ಮೊದಲೇ ಕೈ ಜಗಲಿಯ ಮೇಲಿನ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದಿತ್ತು. ರೋಜಾ ಬಾಯಿಯನ್ನೂ ಕೇಳಿದಳು, ಕೈಯನ್ನೂ ನೋಡಿದಳು. ಅವರ ಹೆಂಡತಿ ಚಂಪಕ ಬಾಟ್ಲಿ ನೀರು ತಂದುಕೊಟ್ಟರು. ಸೀಲು ಒಡೆದಿರಲಿಲ್ಲ. ಕೊರೋನಾ ಬಂದ ಮೇಲೆ ಎಲ್ಲರ ಮನೆಯಲ್ಲೂ ಬಂದವರಿಗೆ ಬಾಟ್ಲಿಯೇ. ಕೊರೋನಾ ಬರುವ ಮೊದಲು ಏನಿತ್ತು ಎಂಬುದನ್ನು ಬಾಟ್ಲಿ ಹೇಳುವುದಿಲ್ಲ.

"ಸಾ, ಕಾರಿನ ಪುಸ್ತಕ ಹುಡುಕಿ ಕೊಡ್ತೀನಿ ಅಂದಿದ್ರಿ."

"ಅಯ್ಯೋ, ಬಣ್ಣ ಹೊಡೆಸುವಾಗ ಎಲ್ಲಿ ಹೋಯಿತೋ ಏನೋ. ಯಾಕೆ, ಏನಾದರೂ ತೊಂದರೆಯೇ?"

ರೋಜಾ ಸದ್ದಿನ ವಿಷಯ ಹೇಳಿದಳು. ಮೇಷ್ಟ್ರು ಕಣ್ಣು ಮುಚ್ಚಿ, ಹುಡುಗರಿಂದ ಪಾಠ ಒಪ್ಪಿಸಿಕೊಳ್ಳುವ ಹಾಗೆ ಕೇಳಿಸಿಕೊಂಡರು.

"ತುಂಬ ಜನ ಹತ್ತುತ್ತೀರೇನೋ."

"ಐದೇ ಜನ. ಬಾಡಿಗೆ ಲಾರಿ ಮಾಡಿಲ್ಲ ಸಾ ನಾವು. ಈ ಕಾರಿಗೆ ಯಾವ ಪೆಟ್ರೋಲು?"

"ಸಾದಾನೂ ನಡೆಯುತ್ತೆ."

ಅವತ್ತು ಸಾದಾ ಸಾಕು. ಇವತ್ತು ಸಾದಾನೂ ನಡೆಯುತ್ತೆ. ರೋಜಾ ಬಾಟ್ಲಿಯನ್ನು ನೆಲದ ಮೇಲಿಟ್ಟಳು. ಬಾಗಿಲಲ್ಲಿ ನಿಂತಿದ್ದ ಚಂಪಕ, ಗಂಡನ ಮೇಲೆ ಎಂದಿನಿಂದಲೋ ಇದ್ದ ಸಿಟ್ಟೊಂದು ನೆನಪಾದವರಂತೆ ಮಾತು ತೆಗೆದರು.

"ಏನು ನಡೆಯೋದು? ನೀವು ಅದಕ್ಕೆ ಒಂದು ದಿನವಾದರೂ ಸಾದಾ ಹಾಕಿಸಿದ್ದೀರಾ? ಗುಂಡ್ಲುಪೇಟೆಗೆ ಹೋದಾಗ ತೊಂಬತ್ತೈದು ಸಿಗಲಿಲ್ಲ ಅಂತ ಮೂರು ಬಂಕು ಸುತ್ತಿಸಿದಿರಿ. ನನಗೆ ಹಸಿವಿನಲ್ಲಿ ತಲೆ ಸುತ್ತುತಿತ್ತು. ಪ್ರಸಾದದ ಡಬ್ಬಿ ಬೇರೆ ಡಿಕ್ಕಿಯೊಳಗೆ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಮುಚ್ಚಳದ ಒಳಗಡೆಯೇ ಬರೆದಿದೆಯಲ್ಲ. ನೀವು ಓದಲಿಲ್ಲವೇ?"

ಸುಳ್ಳು ಎನ್ನಿಸಿತು ರೋಜಾಗೆ. ಆ ಮುಚ್ಚಳವನ್ನು ಅವಳು ನೂರು ಸಲ ತೆಗೆಸಿದ್ದಾಳೆ. ಗೇಟಿನ ಹೊರಗೆ ಹೋಗಿ ತೆರೆದು ತೋರಿಸಿದಳು. ಮೇಷ್ಟ್ರು ಹಿಂದೆಯೇ ಬಂದು, ಬಗ್ಗಿ, ಬೆರಳು ತಗುಲಿಸದೆ ತೋರಿಸಿದರು. "ಇದರ ಕೆಳಗೆ."

ಉಗುರು ಹಾಕಿ ಎತ್ತಿದಳು. ಚಕ್ರ ಅರ್ಧ ಎದ್ದು ಬಂತು, ಅರ್ಧ ಹರಿದು ಅಲ್ಲೇ ಉಳಿಯಿತು. ಎದ್ದದ್ದರ ಬೆನ್ನಿಗೆ ಒಣಗಿದ ಕುಂಕುಮದ ಚಕ್ಕೆ. ಅದರ ಕೆಳಗೆ ಕಂಪನಿಯ ಚೀಟಿ. ಕಪ್ಪಕ್ಷರದಲ್ಲಿ, ದಪ್ಪಗೆ, ತೊಂಬತ್ತೈದು.

ಮುಖಕ್ಕೆ ಬಿಸಿ ಹತ್ತಿದ ಹಾಗಾಯಿತು. ಮೂರು ದಿನದಿಂದ ಊರನ್ನೆಲ್ಲ ಅನುಮಾನಿಸಿದವಳು, ಉತ್ತರದ ಮೇಲೆ ತಾನೇ ಅಂಗೈ ಒತ್ತಿ ಅಂಟಿಸಿದ್ದಳು. ಮೇಷ್ಟ್ರು ಮೆಲ್ಲಗೆ ನಕ್ಕರು. "ನೋಡಿದಿರಾ? ನೀವೇ ಮುಚ್ಚಿಬಿಟ್ಟಿದ್ದೀರಿ."

ಆ ನಗು ಇಲ್ಲದಿದ್ದರೆ ರೋಜಾ ಪ್ರಾಯಶಃ ತಲೆ ತಗ್ಗಿಸಿ ಹೊರಟುಬಿಡುತ್ತಿದ್ದಳು.

"ಹೌದು ಸಾ, ನಾನೇ ಮುಚ್ಚಿದ್ದು. ಒಪ್ಕೋತೀನಿ. ನಿಮ್ಮ ಕುಂಕುಮ ಮುಚ್ಚಿದ್ದರ ಮೇಲೆ ನಾನೂ ಮುಚ್ಚಿದೆ. ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ವಿಜ್ಞಾನದ ಮೇಷ್ಟ್ರು ನೀವು. ನಿಮ್ಮ ಕೈಲಿದ್ದಾಗ ತೊಂಬತ್ತೈದು ಕುಡೀತಿದ್ದ ಕಾರು ನಮ್ಮ ಕೈಗೆ ಬಂದ ತಕ್ಷಣ ಸಾದಾ ಹೆಂಗಾಯ್ತು?"

"ಛೆ, ತಪ್ಪು ತಿಳಿಯಬೇಡಿ. ಲೀಟರಿಗೆ ಐದಾರು ರೂಪಾಯಿ ಜಾಸ್ತಿ ಅದು. ನಿಮ್ಮ ಕಷ್ಟ ನೋಡಿ, ಪಾಪ, ಹೆಂಗಸರು ಸೇರಿಕೊಂಡು ಏನೋ ಮಾಡ್ತಿದ್ದೀರಿ, ಸುಮ್ಮನೆ ಯಾಕೆ ಹೊರೆ ಅಂತ. ಒಳ್ಳೆಯದಕ್ಕೇ ಹೇಳಿದ್ದು."

ಅವರ ಕಣ್ಣಿನಲ್ಲಿ ಸುಳ್ಳಿರಲಿಲ್ಲ. ರೋಜಾ ಹುಡುಕಿದಳು, ಸಿಗಲಿಲ್ಲ. ಮೋಸ ಮಾಡಿದ್ದರೆ ಬೈಯಬಹುದಿತ್ತು, ಠಾಣೆಗೆ ಹೋಗಬಹುದಿತ್ತು. ಪಾಪ ಅಂದವರ ಮೇಲೆ ದೂರು ಬರೆದುಕೊಳ್ಳುವ ಠಾಣೆ ಯಾವ ಊರಿನಲ್ಲೂ ಇಲ್ಲ. ಅವಳು ಓದುವಾಗ ಹಾಸ್ಟೆಲ್ಲಿನ ಅಡುಗೆಯವನು ಹಾಗೇ ಅಂದಿದ್ದ, ನಿಮಗೆ ಈ ಅಕ್ಕಿ ಸಾಕು. ಹೈಸ್ಕೂಲಿನ ಹೆಡ್‌ಮಾಸ್ತರು ಹಾಗೇ ಅಂದಿದ್ದರು, ನಿನಗೆ ಸೈನ್ಸ್ ಯಾಕಮ್ಮ, ಆರ್ಟ್ಸ್ ಸಾಕು. ಎಲ್ಲ ಒಳ್ಳೆಯದಕ್ಕೇ. ಎಲ್ಲ ಪಾಪ ಅಂತಲೇ. ಏನು ಬೇಕೆಂದು ಯಾರೂ ಕೇಳಿರಲಿಲ್ಲ.

"ನಮಗೆ ಹೊರೆಯೋ ಅಲ್ಲವೋ ನಾವು ಲೆಕ್ಕ ಹಾಕ್ಕೊಳ್ತಿದ್ವಿ. ನೀವು ನಂಬರು ಹೇಳಿದ್ರೆ ಸಾಕಾಗಿತ್ತು" ಎಂದಳು. "ಕ್ಲಾಸಿನಲ್ಲೂ ಹಿಂಗೇ ಮಾಡ್ತಿದ್ರಾ ಸಾ? ಈ ಮಗೀಗೆ ಅರ್ಧ ಪಾಠ ಸಾಕು, ಪಾಪ, ಪೂರ್ತಿ ಹೇಳಿದ್ರೆ ಹೊರೆ ಅಂತ?"

ಗೇಟಿನ ಹತ್ತಿರ ಬಂದಿದ್ದ ಚಂಪಕ ಗಂಡನ ಮುಖ ನೋಡಿದರು, ರೋಜಾಳ ಮುಖ ನೋಡಿದರು. ಸೀಲು ಒಡೆಯದ ಬಾಟ್ಲಿ ಜಗಲಿಯ ಮೇಲೆ ಇಟ್ಟಲ್ಲೇ ಇತ್ತು.

ಭಾನುವಾರ ಅಂಬೇಡ್ಕರ್ ಭವನದಲ್ಲಿ ಎಲ್ಲರೂ ಸೇರಿದಾಗ ರೋಜಾ ಮೊದಲು ತನ್ನ ತಪ್ಪು ಹೇಳಿದಳು. ಮುಚ್ಚಳ ತೆರೆದು ಚೀಟಿ ತೋರಿಸಿದಳು. "ಸ್ಟಿಕ್ಕರ್ ಅಂಟಿಸಿ ಇದನ್ನ ಮುಚ್ಚಿದ್ದು ನಾನು" ಎಂದಳು.

"ಒರಗೆ ಬ್ಯಾಡ ಅಂದೋಳು ನಾನಲ್ವಾ" ಎಂದಳು ಚಿಕ್ಕಮಾದಮ್ಮ, ಯಾರ ಕಡೆಯೂ ನೋಡದೆ.

ಪ್ರೇಮ್‌ಕುಮಾರನಿಗೆ ಚೀಟಿ ಸಾಲಲಿಲ್ಲ. "ಚೀಟಿ ಸರಿ. ಆದ್ರೆ ಸದ್ದು ಪೆಟ್ರೋಲಿಂದೋ ಕೈದೋ ಅಂತ ಚೀಟಿ ಏಳ್ತದಾ?"

"ಹೇಳಲ್ಲ. ಅದಕ್ಕೇ ಕೀಲಿ ತಗೋ" ಎಂದು ರೋಜಾ ಕೀಲಿ ಅವನ ಕೈಗಿಟ್ಟಳು. ಕೂತವರೆಲ್ಲ ತಿರುಗಿ ನೋಡಿದರು. "ಟ್ಯಾಂಕಿನ ತಳದಲ್ಲಿ ಇನ್ನೂ ಸಾದಾ ಇದೆ. ಮುಡುಕುತೊರೆ ಏರು ನೀನೇ ಹತ್ತಿಸು. ನಿನ್ನ ಕೈಲಿ ಸದ್ದು ಬರದಿದ್ರೆ ಕೀಲಿ ಇಟ್ಕೋ, ನಾನು ಮತ್ತೆ ಕೇಳಲ್ಲ."

ಚಿಕ್ಕಮಾದಮ್ಮ ಮುಂದೆ ಕೂತಳು. ಹಿಂದೆ ರೋಜಾ, ಇನ್ನಿಬ್ಬರು. ದಾರಿಯುದ್ದಕ್ಕೂ ಪ್ರೇಮ್‌ಕುಮಾರ್ ಚೆನ್ನಾಗಿಯೇ ಓಡಿಸಿದ. ಅದನ್ನು ರೋಜಾ ಮನಸ್ಸಿನೊಳಗೆ ಒಪ್ಪಿಕೊಂಡಳು, ಅವಳಿಗೆ ಭಯವಾದದ್ದೂ ಅದಕ್ಕೇ. ಬೆಟ್ಟದ ಏರು ಬಂತು. ಅವನು ಮೂರರಿಂದ ಎರಡಕ್ಕೆ ಇಳಿಸಿದ, ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ.

ಟಿಣಿಟಿಣಿಟಿಣಿ.

ಮತ್ತೆ ಗೇರು ಬದಲಾಯಿಸಿದ. ಪೆಡಲು ಹಗುರ ಮಾಡಿದ. ಒತ್ತಿದ. ಚೌಕಾಬಾರ ನಿಲ್ಲಲಿಲ್ಲ. ಅವನ ಕುತ್ತಿಗೆಯ ಹಿಂದೆ ಬೆವರು ಮೂಡುವುದನ್ನು ರೋಜಾ ಹಿಂದಿನ ಸೀಟಿನಿಂದ ನೋಡಿದಳು.

"ರಾಗಿಕಲ್ಲು ಕಣ್ಲಾ, ರಾಗಿಕಲ್ಲು" ಎಂದಳು ಚಿಕ್ಕಮಾದಮ್ಮ.

ಇಳಿದು ನರಸೀಪುರದ ಕಡೆ ಬಂದಾಗ ಪೆಟ್ರೋಲ್ ಮುಳ್ಳು ಕೆಂಪು ಗೆರೆಯ ಮೇಲಿತ್ತು. ಬಂಕಿನಲ್ಲಿ ಗಂಗಾಧರಸ್ವಾಮಿ ರೋಜಾಳನ್ನು ಕಂಡು ಮುಚ್ಚಳ ತೆರೆದ. ಅರ್ಧ ಚಕ್ರ ಮತ್ತು ತೊಂಬತ್ತೈದು ಎರಡೂ ಒಟ್ಟಿಗೇ ಅವನ ಕಣ್ಣಿಗೆ ಬಿದ್ದವು. ಅಭ್ಯಾಸಬಲದಿಂದ ಸಾದಾ ನಳಿಗೆಯ ಕಡೆ ಹೋದ ಕೈ ಅರ್ಧಕ್ಕೆ ನಿಂತಿತು.

"ಯಾವುದಕ್ಕ?" ಎಂದ.

ಅವಳು ಹೇಳಿದಳು. ಹೇಳುವ ಮೊದಲು ಒಂದು ಗಳಿಗೆ ಸುಮ್ಮನಿದ್ದಳು. ಕೇಳಿಸಿಕೊಂಡ ಆ ಪ್ರಶ್ನೆ ಇನ್ನೊಂದು ಗಳಿಗೆ ಅಲ್ಲೇ ನಿಂತಿರಲಿ ಎಂದು.

ಎರಡನೇ ಸಲ ಏರು ಹತ್ತುವಾಗ ಸ್ಟೀರಿಂಗ್ ರೋಜಾಳ ಕೈಯಲ್ಲಿತ್ತು. ಪ್ರೇಮ್‌ಕುಮಾರ್ ಮುಂದಿನ ಎರಡು ಸೀಟಿನ ನಡುವೆ ಕತ್ತು ತೂರಿಸಿ ಕೂತಿದ್ದ. ಬುಡದಲ್ಲಿ ಎರಡು ಸಲ ಟಿಣ್ ಎಂದಿತು. ತಳದಲ್ಲಿ ಉಳಿದಿದ್ದ ಸಾದಾ ಇರಬೇಕು. ಆಮೇಲೆ ಇಂಜಿನ್ನು ಒಂದೇ ದನಿ ಹಿಡಿಯಿತು. ತಿರುವಿನಲ್ಲಿ ಹೊಳೆ ಕಂಡಿತು. ಕಾರು ಏರುತ್ತಲೇ ಹೋಯಿತು.

ಅಷ್ಟರಲ್ಲಿ ಇನ್ನೇನೋ ಕಟಕಟ ಎಂದಿತು. "ಇದೇನಮ್ಮಿ ಮತ್ತೆ?" ಎಂದು ಚಿಕ್ಕಮಾದಮ್ಮ ಗಾಬರಿಯಾದಳು.

"ಅದು ನಿನ್ನ ಎಲಡ್ಕೆ ಡಬ್ಬಿ ದೊಡ್ಡವ್ವ" ಎಂದ ಪ್ರೇಮ್‌ಕುಮಾರ್. ಅವನೇ ಮೊದಲು ನಕ್ಕ. ನಕ್ಕು ಮುಗಿದ ಮೇಲೆ, ಯಾರಿಗೂ ಅಲ್ಲವೆಂಬಂತೆ, "ಗೇರು ಸರಿಯಾಗೇ ಆಕ್ತದೆ ರೋಜಕ್ಕ" ಎಂದ.

ಮೇಲೆ ನಿಲ್ಲಿಸಿದಾಗ ಚಿಕ್ಕಮಾದಮ್ಮ ಚೀಲದಿಂದ ನಡಾವಳಿ ಪುಸ್ತಕ ತೆಗೆದು ಬಾನೆಟ್ಟಿನ ಮೇಲಿಟ್ಟಳು. ಬಾನೆಟ್ಟು ಕಾದಿತ್ತು, ಪುಸ್ತಕದ ಕೆಳಗೆ ಸೆರಗು ಮಡಿಸಿ ಹಾಕಿದಳು. "ಸಾದಾ ಅನ್ನೋದ್ನ ಒಡ್ದಾಕಿ ತೊಂಬತ್ತೈದು ಅಂತ ಬರಿ. ಕೀಲಿ ರೋಜಾಂದೇ ಅಂತ್ಲೂ ಬರಿ. ಇರೋರೆಲ್ಲ ಸೈನು ಆಕಿ, ಮಿಕ್ಕೋರ್ದು ಭವನ್ದಲ್ಲಿ ಆಕ್ಸಾನ."

ರೋಜಾ ಬರೆದಳು. ಆಮೇಲೆ ಮುಚ್ಚಳ ತೆರೆದು, ಉಳಿದಿದ್ದ ಅರ್ಧ ಚಕ್ರವನ್ನೂ ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಮೊನ್ನೆ ಎದ್ದು ಬಂದಿದ್ದ ಅರ್ಧ ಡ್ಯಾಶ್‌ಬೋರ್ಡಿನ ಮೇಲಿತ್ತು. ಎರಡರ ಅಂಟೂ ಸತ್ತಿತ್ತು. ಪ್ರೇಮ್‌ಕುಮಾರ್ ಹತ್ತಿರದ ಹೂವಿನಂಗಡಿಗೆ ಹೋಗಿ ಟೇಪು ಇಸಿದುಕೊಂಡು ಬಂದ. ಮುಂದಿನ ಗಾಜಿನ ನಡುಮೇಲೆ, ಬರುವವರಿಗೆಲ್ಲ ಎದುರಾಗಿ ಕಾಣುವ ಕಡೆ, ಎರಡು ತುಂಡನ್ನೂ ಜೋಡಿಸಿ ಅಂಟಿಸಿದಳು. ಕಡ್ಡಿಗಳು ಸರಿಯಾಗಿ ಕೂಡಲಿಲ್ಲ. ಒಂದು ಕೂದಲೆಳೆ ಅತ್ತಿತ್ತ.

"ಕೆರುದ್ರೆ?" ಎಂದಳು ಚಿಕ್ಕಮಾದಮ್ಮ.

"ಒಳಗಡೆಯಿಂದ ಅಂಟಿಸಿದ್ದೀನಿ ದೊಡ್ಡವ್ವ. ಕೆರೆಯೋರು ಬಾಗಿಲು ತೆಗೆದು ಒಳಗೆ ಬಂದು ಕೂತ್ಕೋಬೇಕು. ಕೂರಲಿ, ನೋಡಾನ."

ಇಳಿಯುವಾಗಲೂ ಅವಳು ಕಿಟಕಿ ಇಳಿಸಿಯೇ ಇಟ್ಟಿದ್ದಳು. ಸದ್ದು ಇರಲಿಲ್ಲ. ಇಲ್ಲ ಎಂದು ನಂಬಿ ಗಾಜು ಏರಿಸಲು ಮಾತ್ರ ಕೈ ಹೋಗಲಿಲ್ಲ.